ಕ್ವಾರಿಗೆ ಹೋಗುತ್ತಿದ್ದ ನರ್ಸಕ್ಕ

ಕಳೆದ ತಿಂಗಳು ಕಡೂರಿನಿಂದ ಸಖರಾಯಪಟ್ಟಣಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಹುಡುಗಿ ಬಂದು ಕೂತಳು. ತೊಡೆಯ ಮೇಲೆ ನೀಲಿ ಬಣ್ಣದ ಲಸಿಕೆ ಡಬ್ಬಿ. ನಮ್ಮ ಕಡೆಯವರು ಐಸ್ ಡಬ್ಬಿ ಅನ್ನುತ್ತಾರೆ. ಬಸ್ಸು ತುಂಬಿತ್ತು. ಕಂಡಕ್ಟರ್ ಟಿಕೆಟ್ ಕೊಡುತ್ತಾ, "ಅದನ್ನ ಕೆಳಗಿಡಮ್ಮ, ಇನ್ನೊಬ್ರು ಕೂರ್ಲಿ" ಎಂದ. ಅವಳು ಡಬ್ಬಿಯನ್ನು ಇನ್ನಷ್ಟು ತಬ್ಬಿಕೊಂಡು, "ಇಲ್ಲಣ್ಣ, ಇದನ್ನ ನೆಲಕ್ಕಿಡಲ್ಲ" ಎಂದಳು.

ಆ ಮಾತನ್ನು ನಾನು ಎಲ್ಲೋ ಕೇಳಿದ್ದೆ. ಅದೇ ಮಾತು, ಅದೇ ಹಟ. ಯಾರಮ್ಮ ನಿನಗೆ ಹಾಗೆ ಹೇಳಿಕೊಟ್ಟಿದ್ದು ಎಂದು ಕೇಳಿದೆ.

"ಲಕ್ಕವಳ್ಳಿ ಕಡೆ ನಂಗೆ ಟ್ರೈನಿಂಗ್ ಆಗಿದ್ದು ಮೇಡಂ. ಅಲ್ಲೊಬ್ರು ಹಿರೀ ಸಿಸ್ಟರ್ ಇದ್ರು. ಎಳೇ ಮಗೂನ ಬಸ್ಸಲ್ಲಿ ನೆಲಕ್ಕಿಡ್ತೀಯೇನೇ ಅನ್ನೋರು. ಹೋದ್ವರ್ಷ ತೀರ್ಕೊಂಡ್ರು, ಪಾಪ."

ಹೆಸರು ಕೇಳಿದೆ. ಹೇಳಿದಳು.

ಸಖರಾಯಪಟ್ಟಣ ಬಂತು. ನಾನು ಪಾಠ ಮಾಡುವ ಶಾಲೆ ಅಲ್ಲೇ. ಎಲ್ಲರೂ ಇಳಿದು ಹೋದ ಮೇಲೂ ನಾನು ಕೂತೇ ಇದ್ದೆ. ಕಂಡಕ್ಟರ್ ಬಂದು ಎರಡು ಸಲ ಕರೆಯಬೇಕಾಯಿತು...

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದಿದ್ದೇನೆ. ಏನು ಬರೆದೆ ಎಂಬುದನ್ನು ಹೇಳುವುದಕ್ಕೇ ಈಗ ಕೂತಿರುವುದು.

ನಮ್ಮೂರು ಅಜ್ಜಂಪುರದ ಸೀಮೆಯಲ್ಲಿದೆ. ಊರಿನ ಹೊರಗೆ, ಶಾಲೆಯ ಹಿಂದೆ ಒಂದು ಸಣ್ಣ ಆರೋಗ್ಯ ಉಪಕೇಂದ್ರ. ಅದರ ಹಿಂದುಗಡೆಯ ಒಂದೇ ಕೋಣೆಯಲ್ಲಿ ಅವರ ವಾಸ. ಊರವರಿಗೆ ನರ್ಸಮ್ಮ, ನಮ್ಮಂಥ ಹುಡುಗಿಯರಿಗೆ ನರ್ಸಕ್ಕ. ಆಗ ಅವರಿಗೆ ನಲವತ್ತರ ಹತ್ತಿರ ಇದ್ದಿರಬೇಕು. ಮದುವೆ ಆಗಿರಲಿಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದವರು, ಅಲ್ಲಿ ತಂಗಿಯೊಬ್ಬಳಿದ್ದಾಳೆ ಅನ್ನುವುದಷ್ಟೇ ನಮಗೆ ಗೊತ್ತಿದ್ದದ್ದು. ಬಡಕಲು ಮೈ, ಎತ್ತರದ ನಿಲುವು. ನಡೆದರೆ ಹಿಂದೆ ನಾವು ಓಡಬೇಕಿತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಪ್ರಾರ್ಥನೆಗೆ ನಿಂತಲ್ಲೇ ತಲೆ ಸುತ್ತಿ ಬಿದ್ದೆ. ಮೇಷ್ಟರು ಉಪಕೇಂದ್ರಕ್ಕೆ ಕಳಿಸಿದರು. ನರ್ಸಕ್ಕ ನನ್ನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, "ಅಯ್ಯೋ, ಸುಣ್ಣ ಬಳ್ದಂಗಿದೆಯಲ್ಲೇ" ಎಂದರು. ನಿಮ್ಮನೇಲಿ ಊಟಕ್ಕೆ ಯಾವಾಗ ಕೂರ್ತೀಯ ಅಂತ ಕೇಳಿದರು. ಅಪ್ಪಾಜಿ, ಅಣ್ಣಂದಿರು, ಆಳುಗಳು ಎಲ್ಲರೂ ಉಂಡ ಮೇಲೆ ಅಮ್ಮನ ಜೊತೆ ಎಂದೆ. ಅವತ್ತೇ ಸಾಯಂಕಾಲ ನಮ್ಮ ಮನೆಯ ಜಗಲಿಗೆ ಬಂದರು. ನಮ್ಮಪ್ಪಾಜಿ ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥ ಮನುಷ್ಯ. ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇತ್ತು. ಮಠದ ಕೆಲಸಗಳಿಗೆಲ್ಲ ಮುಂದೆ ನಿಲ್ಲುವವರು. ಅವರೆದುರು ನಿಂತು ಈ ನರ್ಸಕ್ಕ, "ಯಜಮಾನ್ರೇ, ನಿಮ್ಮ ಹುಡುಗಿ ಮೈಲಿ ರಕ್ತ ಇಲ್ಲ. ಮಾತ್ರೆ ನಾನು ಕೊಡ್ತೀನಿ, ಊಟ ನೀವು ಕೊಡಿ. ಗಂಡುಹುಡುಗ್ರ ಜೊತೇಲೇ ಕೂರಿಸ್ರಿ" ಎಂದರು. ಮಾರನೇ ದಿನದಿಂದ ನನ್ನ ಎಲೆ ಅಣ್ಣಂದಿರ ಸಾಲಿನಲ್ಲಿ ಬಿತ್ತು. ಅದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಪ್ಪಾಜಿ ಕೆಟ್ಟವರಲ್ಲ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಆಮೇಲೆ ನಾನು ಶಾಲೆ ಬಿಟ್ಟ ಕೂಡಲೇ ಉಪಕೇಂದ್ರಕ್ಕೆ ಹೋಗುವುದು ರೂಢಿಯಾಯಿತು. ನರ್ಸಕ್ಕನ ಕೈಬರಹ ನೋಡುವ ಹಾಗಿರಲಿಲ್ಲ, ಕೋಳಿ ಕೆದರಿದಂತೆ ಇರುತ್ತಿತ್ತು. ನನ್ನ ಅಕ್ಷರ ದುಂಡಗೆ, ಶಾಲೆಯ ಬೋರ್ಡಿನ ಮೇಲೆ ಸುಭಾಷಿತ ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಒಂದು ದಿನ ಅವರು ಉದ್ದನೆಯ ಹೊಸ ಪುಸ್ತಕವೊಂದನ್ನು ನನ್ನ ಮುಂದಿಟ್ಟು, "ನಾನು ಹೇಳ್ತಾ ಹೋಗ್ತೀನಿ, ನೀನು ಬರಿ" ಎಂದರು. ಅದು ಕ್ವಾರಿಯವರ ಪುಸ್ತಕ.

ಕೆರೆಯ ಆಚೆ ದಡದಲ್ಲಿ ಕಲ್ಲು ಕ್ವಾರಿ ಇತ್ತು. ಎಲ್ಲಿಂದಲೋ ಬಂದ ಇಪ್ಪತ್ತು ಇಪ್ಪತ್ತೈದು ಸಂಸಾರಗಳು ತಗಡಿನ ಶೆಡ್ಡು ಹಾಕಿಕೊಂಡು ಅಲ್ಲಿ ಕಲ್ಲು ಒಡೆಯುತ್ತಿದ್ದವು. ಅವರಿಗೆ ರೇಷನ್ ಕಾರ್ಡಿಲ್ಲ, ಮತದ ಪಟ್ಟಿಯಲ್ಲಿ ಹೆಸರಿಲ್ಲ. ನರ್ಸಕ್ಕನ ಸರ್ಕಾರಿ ರಿಜಿಸ್ಟರಿನಲ್ಲೂ ಅವರಿಗೆ ಜಾಗವಿರಲಿಲ್ಲ. ಮೇಲಿನ ಕಚೇರಿಯಲ್ಲಿ ಕೇಳಿದ್ದಕ್ಕೆ, ಇವತ್ತು ಇರ್ತಾರೆ ನಾಳೆ ಹೋಗ್ತಾರೆ, ಅವರನ್ನೆಲ್ಲ ಯಾಕೆ ಹಚ್ಚಿಕೊಳ್ತೀರಿ ಎಂದರಂತೆ. "ಜ್ವರ ಬಂದ್ರೆ ಅದೂ ಇವತ್ತೇ ಬರ್ತದೆ ತಾನೇ" ಎಂದು ಗೊಣಗಿಕೊಂಡು ಅವರೇ ಬೇರೆ ಪುಸ್ತಕ ಹೊಲಿಸಿದ್ದರು. ನಾನು ಗೆರೆ ಎಳೆದು, ತಾಯಿ ಹೆಸರು, ಮಗುವಿನ ಹೆಸರು, ಯಾವ ತಿಂಗಳಿಗೆ ಯಾವ ಚುಚ್ಚುಮದ್ದು ಎಂದು ಕಾಲಂ ಹಾಕಿ ಬರೆದೆ. ಸುಂದರವಾಗಿ ಬರೆದೆ. ನರ್ಸಕ್ಕ ಪುಟದ ಮೇಲೆ ಕೈಯಾಡಿಸಿ, "ಹೆಂಗೆ ಮುತ್ತು ಪೋಣಿಸ್ದಂಗೆ ಬರ್ದಿದೀಯ ನೋಡು. ಈಗ ಇವ್ರೂ ಊರಿನೋರೇ ಆದ್ರು" ಎಂದರು.

ಗುರುವಾರ ಲಸಿಕೆಯ ದಿನ. ಪಂಚಾಯ್ತಿ ಕಟ್ಟೆಯ ಮೇಲೆ ನರ್ಸಕ್ಕ ಐಸ್ ಡಬ್ಬಿಯನ್ನು ನೆಲಕ್ಕಿಡದೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಊರಿನ ಹೆಂಗಸರು ಕಟ್ಟೆಯ ಮೇಲೆ. ಕ್ವಾರಿಯ ಹೆಂಗಸರು ಬಿಸಿಲಿನಲ್ಲಿ, ಬೇವಿನ ಮರದಾಚೆ. ಊರಿನವರದೆಲ್ಲ ಮುಗಿದ ಮೇಲೆ ಅವರ ಸರದಿ. ಅಷ್ಟು ಹೊತ್ತಿಗೆ ಕೆಲಸಕ್ಕೆ ಕೂಗು ಬಂದು ಅರ್ಧ ಜನ ಹೊರಟು ಹೋಗಿರುತ್ತಿದ್ದರು. ನಾಲ್ಕು ವಾರ ನೋಡಿದರು. ಐದನೇ ವಾರ ನರ್ಸಕ್ಕ ಡಬ್ಬಿ ಎತ್ತಿಕೊಂಡು ಕೆರೆ ಏರಿ ಹತ್ತಿ ಸೀದಾ ಕ್ವಾರಿಗೆ ನಡೆದರು. ಅಲ್ಲಿ ಮುಗಿಸಿ ಹನ್ನೊಂದು ಗಂಟೆಗೆ ಊರಿಗೆ ಬಂದರು. ಊರು ಕಾಯಬೇಕಾಯಿತು.

ಊರಿಗೆ ಅದು ಜೀರ್ಣವಾಗಲಿಲ್ಲ. ನಮ್ಮ ಮನೆಯಲ್ಲೂ ಗುಸುಗುಸು ಶುರುವಾಯಿತು. ಆಗ ನಮ್ಮಜ್ಜಿಗೆ ಶುಗರ್ ಹೆಚ್ಚಾಗಿ ಕಾಲಿನಲ್ಲಿ ಹುಣ್ಣಾಗಿತ್ತು. ದಿನಾ ಮಧ್ಯಾಹ್ನ ನರ್ಸಕ್ಕ ಮನೆಗೇ ಬಂದು ತೊಳೆದು ಬಟ್ಟೆ ಕಟ್ಟಿ ಹೋಗುತ್ತಿದ್ದರು. ಅಪ್ಪಾಜಿ ಒಮ್ಮೆ ನಯವಾಗಿಯೇ ಕೇಳಿದರು: "ಅಲ್ಲಾ ನರ್ಸಮ್ಮ, ನಮ್ಮೂರಿಗೆ ಅಂತ ಬಂದಿರೋ ಔಷಧೀನ ಅವ್ರಿಗ್ಯಾಕೆ ಸುರೀತೀರಿ?"

ಅಜ್ಜಿಯ ಕಾಲಿನಿಂದ ಕಣ್ಣೆತ್ತದೆ ಅವರು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ನಾನು ಬರದೇ ಇದ್ರೆ ಅಜ್ಜೀನ ನೀವು ಕಾರಲ್ಲಿ ತರೀಕೆರೆಗೆ ಕರ್ಕೊಂಡ್ ಹೋಗ್ತೀರಿ ಯಜಮಾನ್ರೇ. ನಾನು ಹೋಗ್ದಿದ್ರೆ ಅವ್ರಿಗೆ ಇನ್ಯಾರೂ ಇಲ್ಲ ಕಣ್ರೀ."

ಒಂದು ಭಾನುವಾರ ಅಣ್ಣನಿಗೆ ಹೆಣ್ಣು ಕೊಡುವವರು ಮನೆಗೆ ಬರುವುದಿತ್ತು. ಮನೆಯಲ್ಲಿ ಗದ್ದಲ. ಯಾರೂ ಗಮನಿಸದ ಹೊತ್ತಿನಲ್ಲಿ ನಾನು ಪುಸ್ತಕದ ನೆಪದಲ್ಲಿ ಉಪಕೇಂದ್ರಕ್ಕೆ ಓಡಿದೆ. ಅಷ್ಟರಲ್ಲಿ ಕ್ವಾರಿಯಿಂದ ಆಳು ಬಂದಿತ್ತು. ಹನುಮಕ್ಕ ಅನ್ನುವವಳಿಗೆ ಹೆರಿಗೆ ನೋವು. ಆಂಬುಲೆನ್ಸಿಗೆ ಫೋನು ಮಾಡಿದರೆ ದೂರದಲ್ಲೆಲ್ಲೋ ಇದೆ, ಬರುವುದು ತಡವಾಗುತ್ತದೆ ಎಂದರು. ನರ್ಸಕ್ಕ ಚೀಲ ಹೆಗಲಿಗೆ ಹಾಕಿ ಹೊರಟರು. ನಾನೂ ಹಿಂದೆಯೇ ಹೋದೆ. ಕ್ವಾರಿಗೆ ಹೋಗಬಾರದೆಂದು ಮನೆಯಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು. ಆದರೂ ಹೋದೆ.

ಶೆಡ್ಡಿನ ಹೊರಗೆ ಕಲ್ಲಿನ ಗುಡ್ಡೆಯ ನೆರಳಿನಲ್ಲಿ ಕೂತಿದ್ದೆ. ಒಳಗೆ ಹನುಮಕ್ಕನ ಕೂಗು. "ಇನ್ನೊಂದ್ಸಲ ಕಣೇ, ಇನ್ನೊಂದೇ ಸಲ" ಎನ್ನುವ ನರ್ಸಕ್ಕನ ದನಿ. ಮಧ್ಯಾಹ್ನ ಒಂದರ ಸುಮಾರಿಗೆ ನಮ್ಮ ಮನೆಯ ಆಳು ಬರುವುದು ಕಂಡಿತು. ನಾನು ಗುಡ್ಡೆಯ ಹಿಂದೆ ಅವಿತುಕೊಂಡೆ. ನೆಂಟರು ಬಂದಿದ್ದಾರೆ, ಅಜ್ಜಿ ಕಾಲು ನೋವು ಎಂದು ಅರಚುತ್ತಿದ್ದಾರೆ, ಈಗಲೇ ಬರಬೇಕಂತೆ ಎಂದು ಅವನು ಹೊರಗಿನಿಂದಲೇ ಕೂಗಿದ. "ಮಗು ಅಡ್ಡ ಸಿಕ್ಕಂಡದೆ ಕಣಪ್ಪ. ಮುಗಿಸ್ಕೊಂಡ್ ಬತ್ತೀನಿ ಅಂತ ಹೇಳು" ಎಂಬ ಉತ್ತರ ಒಳಗಿನಿಂದ ಬಂತು.

ಮೂರು ಗಂಟೆಗೆ ಮಗು ಅತ್ತಿತು. ಹೆಣ್ಣು. ನರ್ಸಕ್ಕ ಹೊರಬಂದಾಗ ಮೊಣಕೈವರೆಗೂ ರಕ್ತ. ಹಳೇ ಸೀರೆಯಲ್ಲಿ ಸುತ್ತಿದ ಮಗುವನ್ನು ನನ್ನ ಮಡಿಲಿಗೆ ಹಾಕಿ, "ಹಿಡ್ಕೋ, ಅಮ್ಮನ್ನ ನೋಡ್ಬೇಕು" ಎಂದು ಮತ್ತೆ ಒಳಗೆ ಹೋದರು. ಹಾಗೆ ನಾನು ಗೌರಿಯನ್ನು ಅವಳ ತಾಯಿಗಿಂತ ಮೊದಲು ಎತ್ತಿಕೊಂಡೆ. ಇಷ್ಟೇ ಇಷ್ಟು ಮುಷ್ಟಿ, ನನ್ನ ಲಂಗದ ಅಂಚನ್ನು ಹಿಡಿದುಕೊಂಡಿತ್ತು...

ಐದು ಗಂಟೆಗೆ ನರ್ಸಕ್ಕ ಸ್ನಾನವನ್ನೂ ಮಾಡದೆ ನಮ್ಮ ಮನೆಗೆ ಬಂದರು. ನೆಂಟರು ಹೊರಟು ಹೋಗಿದ್ದರು. ಅಪ್ಪಾಜಿ ಬಾಗಿಲಲ್ಲೇ ನಿಂತು, "ಇವತ್ತು ಬೇಡ ನರ್ಸಮ್ಮ. ಹೋಗಿ" ಎಂದರು. ಅಷ್ಟೇ. ಅದಕ್ಕಿಂತ ಗಟ್ಟಿಯಾಗಿ ಒಂದು ಮಾತೂ ಆಡಲಿಲ್ಲ.

ನಾಲ್ಕು ದಿನ ಬಿಟ್ಟು ಬೆಳಿಗ್ಗೆ ಜಗಲಿಯ ಮೇಲೆ ಊರಿನ ಹಿರಿಯರು ಐದಾರು ಜನ ಸೇರಿದರು. ಅಪ್ಪಾಜಿ ನನ್ನನ್ನು ಕರೆದು ಬಿಳಿ ಹಾಳೆ ಕೊಟ್ಟರು. "ಬರಿಯಮ್ಮ. ನಿನ್ನಕ್ಷರ ಚೆನ್ನಾಗದೆ."

ಮೊದಲ ಸಾಲಿನಲ್ಲೇ ನರ್ಸಕ್ಕನ ಪೂರ್ತಿ ಹೆಸರು. ಬರೆದೆ. ಕೇಂದ್ರಸ್ಥಾನದಲ್ಲಿ ಇರುವುದಿಲ್ಲ. ಬರೆದೆ. ಊರಿನ ಪಾಲಿನ ಔಷಧವನ್ನು ಊರಿನವರಲ್ಲದವರಿಗೆ ಕೊಡುತ್ತಾರೆ. ಅದು ನಿಜವಾಗಿತ್ತು, ಬರೆದೆ. ಕಳೆದ ಭಾನುವಾರ ವೃದ್ಧ ರೋಗಿಯೊಬ್ಬರಿಗೆ ತುರ್ತಾಗಿದ್ದರೂ, ಹೇಳಿ ಕಳಿಸಿದರೂ, ಯಾವ ಕಾರಣವನ್ನೂ ತಿಳಿಸದೆ ಬರಲಿಲ್ಲ. ಅಲ್ಲಿ ನನ್ನ ಪೆನ್ನು ನಿಂತಿತು.

"ಅಪ್ಪಾಜಿ, ಅವತ್ತು ಅಲ್ಲಿ ಹೆರಿಗೆ ಇತ್ತಲ್ವಾ..."

ಅಪ್ಪಾಜಿ ನನ್ನ ಮುಖ ನೋಡಿದರು. "ನಿಂಗ್ಯಾರು ಹೇಳಿದ್ದು?"

ನಾನಿದ್ದೆ, ನನ್ನ ಮಡಿಲಲ್ಲೇ ಮಗು ಇತ್ತು ಎಂದು ಹೇಳಬೇಕಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಎರಡೇಟು ಬೀಳುತ್ತಿತ್ತು. ಉಪಕೇಂದ್ರಕ್ಕೆ ಹೋಗುವುದು ನಿಲ್ಲುತ್ತಿತ್ತು. ಹೆಚ್ಚೆಂದರೆ ಶಾಲೆ ಬಿಡಿಸುತ್ತಿದ್ದರು. ಆಗ ಅದೇ ಬೆಟ್ಟದಷ್ಟು ದೊಡ್ಡದಾಗಿ ಕಂಡಿತು. "ಯಾರೋ ಅಂತಿದ್ರು" ಎಂದೆ. "ಅಂತಿದ್ರೆ ಅನ್ಲಿ, ನೀನು ಬರಿ" ಎಂದರು. ಬರೆದೆ. ಮುತ್ತು ಪೋಣಿಸಿದ ಹಾಗೆ ಬರೆದೆ.

ತಿಂಗಳೊಳಗೆ ವಿಚಾರಣೆಗೆ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡರು. ನಮ್ಮ ಕ್ಲಾಸಿನ ಕಿಟಕಿಯ ಆಚೆಗೇ. ಅರ್ಜಿಯನ್ನು ನರ್ಸಕ್ಕನ ಕೈಗೆ ಕೊಟ್ಟರು. ಅವರು ಹಾಳೆಯನ್ನು ನೋಡಿದ ಕೂಡಲೇ ಓದಲು ಶುರುಮಾಡಲಿಲ್ಲ. ಸುಮ್ಮನೆ ನೋಡುತ್ತಲೇ ಇದ್ದರು. ಆಮೇಲೆ ನಿಧಾನವಾಗಿ ಕೊನೆಯವರೆಗೂ ಓದಿ ವಾಪಸು ಕೊಟ್ಟರು.

"ಏನಾದ್ರೂ ಹೇಳೋದಿದೆಯೇನಮ್ಮ?"

"ಔಷಧಿ ಕೊಟ್ಟಿದ್ದು ನಿಜ ಸಾರ್. ಇನ್ನೂ ಕೊಡ್ಬೇಕಿತ್ತು, ಇರ್ಲಿಲ್ಲ. ಮಿಕ್ಕಿದ್ದಕ್ಕೆ ನಾನೇನೂ ಹೇಳಲ್ಲ."

ಕಿಟಕಿಯ ಕಡೆ ತಿರುಗಲೂ ಇಲ್ಲ.

ಲಕ್ಕವಳ್ಳಿಯ ಆಚೆ, ಕಾಡಂಚಿನ ಒಂದು ಉಪಕೇಂದ್ರಕ್ಕೆ ವರ್ಗವಾಯಿತು. ಹೊರಡುವ ದಿನ ಬೆಳಿಗ್ಗೆ ನಮ್ಮ ಮನೆಗೆ ಬಂದು ಅಜ್ಜಿಯ ಕಾಲು ತೊಳೆದು ಬಟ್ಟೆ ಕಟ್ಟಿದರು. ಹುಣ್ಣು ಆರುತ್ತಾ ಬಂದಿತ್ತು. ನಾನು ನೀರಿನ ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಕಣ್ಣೆತ್ತಲು ಆಗಲಿಲ್ಲ. ಹೋಗುವಾಗ ಚೀಲದಿಂದ ಕಬ್ಬಿಣದ ಮಾತ್ರೆಯ ಹಾಳೆಗಳನ್ನು ತೆಗೆದು ನನ್ನ ಕೈಗಿಟ್ಟರು. "ಮೂರು ತಿಂಗ್ಳಿಗಾಗ್ತದೆ. ಬಿಡ್ಬೇಡ. ಊಟ ಆದ್ಮೇಲೆ ತಗೋ." ಮತ್ತೆ ಆ ಉದ್ದನೆಯ ಪುಸ್ತಕ. "ಹೊಸಬ್ರು ಬಂದ್ರೆ ಕೊಡು. ಗೌರಿಗೆ ಒಂಬತ್ತು ತಿಂಗ್ಳಿಗೆ ದಡಾರದ ಇಂಜೆಕ್ಷನ್ ಆಗ್ಬೇಕು, ನೆನಪಿಡು."

ಹೊಸಬರು ಬರಲಿಲ್ಲ. ಪಕ್ಕದೂರಿನ ಸಿಸ್ಟರಿಗೇ ನಮ್ಮೂರನ್ನೂ ವಹಿಸಿದರು. ತಿಂಗಳಿಗೊಮ್ಮೆ ಪಂಚಾಯ್ತಿ ಕಟ್ಟೆಗೆ ಬಂದು ಹೋಗುತ್ತಿದ್ದರು. ನಾನು ಪುಸ್ತಕ ಒಯ್ದು ಕೊಟ್ಟೆ. ಅವರು ನಾಲ್ಕು ಹಾಳೆ ತಿರುವಿ ಹಾಕಿ, "ನಂಗೆ ಮೂರು ಊರು ಕಣಮ್ಮ. ಇವ್ರನ್ನ ನಾನೆಲ್ಲಿ ಹುಡುಕ್ಕೊಂಡ್ ಹೋಗ್ಲಿ" ಎಂದು ಹಿಂದಕ್ಕೆ ಕೊಟ್ಟರು. ಅವರ ಕಾಲುಗಳು ಊದಿಕೊಂಡಿದ್ದವು. ಅವರನ್ನೂ ದೂರುವ ಹಾಗಿರಲಿಲ್ಲ.

ಬೇಸಿಗೆಯಲ್ಲಿ ಕ್ವಾರಿಯಲ್ಲಿ ದಡಾರ ಹರಡಿತು. ಗೌರಿಗೆ ಆಗ ಹತ್ತು ತುಂಬಿ ಹನ್ನೊಂದನೇ ತಿಂಗಳು. ಮೈಮೇಲೆಲ್ಲ ಗುಳ್ಳೆ ಎದ್ದು, ಆಮೇಲೆ ಎದೆ ಕಟ್ಟಿಕೊಂಡಿತಂತೆ. ಟ್ಯೂಷನ್ ಮುಗಿಸಿ ಕೆರೆ ಏರಿಯ ಮೇಲೆ ಬರುತ್ತಿದ್ದಾಗ ಆಚೆ ದಡದಿಂದ ಹೆಂಗಸರ ಅಳು ಕೇಳಿತು. ನಮ್ಮ ಆಳು ಹೇಳಿದ: "ಆ ಹನುಮಕ್ಕನ ಕೂಸು ಹೋಯ್ತಂತೆ ಕಣವ್ವ." ಅವತ್ತು ಪುಸ್ತಕ ತೆಗೆದು ನೋಡಿದೆ. ಗೌರಿಯ ಸಾಲಿನಲ್ಲಿ ಒಂಬತ್ತನೇ ತಿಂಗಳ ಕಾಲಂ ಖಾಲಿ ಇತ್ತು. ನಾನು ಕ್ವಾರಿಗೆ ಹೋಗಲಿಲ್ಲ. ಹೋಗುವ ಮುಖವಿರಲಿಲ್ಲ. ಮಳೆಗಾಲದ ಹೊತ್ತಿಗೆ ಶೆಡ್ಡುಗಳು ಒಂದೊಂದಾಗಿ ಖಾಲಿಯಾದವು.

ನಾಲ್ಕೈದು ವರ್ಷ ಕಳೆದ ಮೇಲೆ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನರ್ಸಕ್ಕ ಸಿಕ್ಕರು. ಆಗ ನಾನು ಟೀಚರ್ ಟ್ರೈನಿಂಗ್ ಓದುತ್ತಿದ್ದೆ. ಅವರೇ ಗುರುತು ಹಿಡಿದು ಕೂಗಿದರು. ತಲೆ ಅರ್ಧ ನೆರೆತಿತ್ತು. ಆ ಜನಜಂಗುಳಿಯ ನಡುವೆಯೇ ನನ್ನ ಗಲ್ಲ ಹಿಡಿದು ರೆಪ್ಪೆ ಎಳೆದು ನೋಡಿ, "ಪರ್ವಾಗಿಲ್ಲ, ಕೆಂಪಗಿದೆ" ಎಂದು ನಕ್ಕರು. ಕ್ಷಮಿಸಿ ಎಂದು ಕೇಳಬೇಕೆಂದಿದ್ದೆ. ಅದರ ಬದಲು ಬಾಯಿಂದ ಬಂದದ್ದು ಬೇರೆಯೇ. ಅವರು ಕೇಳದಿದ್ದರೂ ನಾನೇ ಹೇಳಿಬಿಟ್ಟೆ: "ಗೌರಿ ಚೆನ್ನಾಗಿದಾಳೆ ನರ್ಸಕ್ಕ. ಅಂಗನವಾಡಿಗೆ ಹೋಗ್ತಾಳೆ."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಹೌದಾ..." ಎಂದರು. ನನ್ನ ತಲೆಯ ಮೇಲೆ ಕೈಯಿಟ್ಟರು. "ಸಂತೋಷ ಕಣೇ." ಲಕ್ಕವಳ್ಳಿ ಬಸ್ಸು ಬಂತು. ಹತ್ತಿ ಹೋದರು. ಒಂದು ಸುಳ್ಳಿನಿಂದ ಅವರಿಗೆ ನೆಮ್ಮದಿ ಕೊಟ್ಟೆನೆಂದು ನಾನು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೆ.

ಬಸ್ಸಿನಲ್ಲಿ ಆ ಹುಡುಗಿ ಸಿಕ್ಕ ವಾರವೇ ಶನಿವಾರ ಅಮೃತಾಪುರಕ್ಕೆ ಹೋದೆ. ತಂಗಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗೋಡೆಯಲ್ಲಿ ನರ್ಸಕ್ಕನ ಫೋಟೊ, ಅದಕ್ಕೆ ಹೂವಿನ ಹಾರ. ನಿವೃತ್ತಿಗೆ ಸ್ವಲ್ಪ ಮೊದಲು ಡ್ಯೂಟಿಯಿಂದ ಬಂದು ಸುಸ್ತು ಎಂದು ಮಲಗಿದವರು ಏಳಲಿಲ್ಲವಂತೆ. ಯಾವ ಊರಿನವರು ಎಂದು ತಂಗಿ ಕೇಳಿದರು. ಹೇಳಿದೆ. ಲೋಟಕ್ಕೆ ಟೀ ಬಗ್ಗಿಸುತ್ತಿದ್ದವರ ಕೈ ನಿಂತಿತು.

"ಆ ಊರನ್ನ ಅಕ್ಕ ಮರೀಲೇ ಇಲ್ಲ. ವರ್ಗ ಆಗಿ ಹೋದ್ಮೇಲೆ ಒಂದಿನ ಆ ಕ್ವಾರಿ ಹೆಂಗ್ಸು ಫೋನ್ ಮಾಡಿದ್ಲಂತೆ, ಮಗೀಗೆ ದಡಾರ ಆಗಿ ಉಸ್ರಾಡ್ತಿಲ್ಲ ಅಂತ. ರಜ ಹಾಕಿ ಓಡಿದ್ಲು. ಊರೊಳಕ್ಕೆ ಕಾಲೇ ಇಡ್ದೆ ಹಿಂದಿನ ದಾರೀಲಿ ಹೋದ್ಲಂತೆ. ಆಟೋದಲ್ಲಿ ಅಜ್ಜಂಪುರಕ್ಕೆ ಕರ್ಕೊಂಡ್ ಹೋಗುವಾಗ ಇವ್ಳ ತೊಡೆ ಮೇಲೇ ಹೋಯ್ತು. ಮಣ್ಣು ಮಾಡೋವರ್ಗೂ ಇದ್ದು ಇಲ್ಲಿಗೇ ಬಂದ್ಲು. ಎರಡು ದಿನ ಅನ್ನ ಮುಟ್ಟಲಿಲ್ಲ."

ಬಸ್ ಸ್ಟ್ಯಾಂಡಿನಲ್ಲಿ ನನ್ನ ತಲೆಯ ಮೇಲೆ ಕೈಯಿಟ್ಟಾಗ ಅವರಿಗೆ ಎಲ್ಲವೂ ಗೊತ್ತಿತ್ತು... ತಂಗಿ ಮಾತು ಮುಂದುವರಿಸಿದ್ದರು. "ಯಾರೋ ಹುಡ್ಗಿ ಕೈಲಿ ಅರ್ಜಿ ಬರೆಸಿದ್ರಂತೆ. ಇವ್ಳೇ ಹಚ್ಕೊಂಡಿದ್ದ ಹುಡ್ಗಿ. ನಿಂಗೆ ಅವ್ಳ ಮೇಲೆ ಸಿಟ್ಟಿಲ್ವೇನೇ ಅಂದೆ. ಪಾಪ, ಅದ್ರ ಮೈಲಿ ರಕ್ತಾನೇ ಇರ್ಲಿಲ್ಲ ಕಣೇ, ಅದೇನ್ ಮಾಡೀತು ಅಂದ್ಲು."

"ಆ ಹುಡುಗಿ ನಾನೇ" ಎಂದೆ.

ಅವರು ಟೀ ಲೋಟವನ್ನು ನನ್ನ ಮುಂದಿಟ್ಟರು. ಹೊರಗೆ ಯಾರೋ ಹಸುವನ್ನು ಅಟ್ಟಿಕೊಂಡು ಹೋಗುತ್ತಿದ್ದರು. ಕೊನೆಗೆ, ಸಿಟ್ಟಿಲ್ಲದೆಯೇ, "ಅವ್ಳಿಗೆ ಹೇಳ್ಬೇಕಿತ್ತು ನೀವು" ಎಂದರು. "ನಂಗೆ ಹೇಳಿದ್ರೆ ನಾನೇನ್ ಮಾಡ್ಲಿ."

ಅಲ್ಲಿಂದ ಸೀದಾ ಊರಿಗೆ ಹೋದೆ. ಅಪ್ಪಾಜಿಗೆ ಈಗ ಎಂಬತ್ತರ ಮೇಲಾಗಿದೆ. ಅಣ್ಣ, ಅತ್ತಿಗೆ, ಮೊಮ್ಮಕ್ಕಳ ಗಲಾಟೆಯ ನಡುವೆ ಜಗಲಿಯಲ್ಲಿ ಕೂತಿದ್ದರು. ನರ್ಸಮ್ಮ ತೀರಿಕೊಂಡರಂತೆ ಎಂದು ಹೇಳಿದೆ. ಮೊದಲು ಹೊಳೆಯಲಿಲ್ಲ. ಆಮೇಲೆ ಮುಖವೆಲ್ಲ ಅರಳಿ, ತಕ್ಷಣವೇ ಸಣ್ಣಗಾಯಿತು.

"ಆಯಮ್ಮನಾ? ಛೆ ಛೆ. ನಿಮ್ಮಜ್ಜಿ ಕಾಲು ಉಳ್ಸಿದ್ದೇ ಆಯಮ್ಮ. ಅಂಥೋರು ಮತ್ತೆ ಬರ್ಲಿಲ್ಲ ಕಣಮ್ಮ ನಮ್ಮೂರಿಗೆ. ಯಾಕೆ ಬಿಟ್ಟು ಹೋದ್ಲೋ ಏನೋ."

"ನಾವೇ ಕಳಿಸಿದ್ದು ಅಪ್ಪಾಜಿ. ಅರ್ಜಿ ಕೊಟ್ಟು. ನೀವು ಹೇಳಿದ್ರಿ, ನಾನು ಬರ್ದೆ."

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ನೆನಪಿಗಾಗಿ ತಡಕಾಡಿದರು. ಆ ಕಣ್ಣಿನಲ್ಲಿ ಕಳ್ಳತನವೇನೂ ಇರಲಿಲ್ಲ.

"ನಾವಾ? ಇರ್ಲಿಕ್ಕಿಲ್ಲ ತಗೋ" ಎಂದರು. "ಅಷ್ಟು ಒಳ್ಳೇ ಹೆಂಗ್ಸಿನ ಮೇಲೆ ನಾವ್ಯಾಕೆ ಅರ್ಜಿ ಕೊಡಾಣ?"

ಅವತ್ತು ಜಗಲಿಯಲ್ಲಿ ಕೂತಿದ್ದ ಉಳಿದವರೆಲ್ಲ ತೀರಿಕೊಂಡಿದ್ದಾರೆ. ಹನುಮಕ್ಕ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಸಾಯಂಕಾಲ ಕೆರೆ ಏರಿ ದಾಟಿ ಆಚೆ ದಡಕ್ಕೆ ಹೋದೆ. ಕ್ವಾರಿಯ ಗುಂಡಿಯಲ್ಲಿ ನೀರು ನಿಂತು ಹಸಿರುಗಟ್ಟಿದೆ. ಶೆಡ್ಡುಗಳಿದ್ದ ಜಾಗದಲ್ಲಿ ಜಾಲಿ ಬೆಳೆದಿದೆ. ಗೌರಿಯನ್ನು ಎಲ್ಲಿ ಮಣ್ಣು ಮಾಡಿದರೆಂದು ತೋರಿಸಬಲ್ಲವರು ಒಬ್ಬರೇ ಇದ್ದರು. ಅವರನ್ನು ಕೇಳುವ ಕಾಲ ಹೋಯಿತು. ಕತ್ತಲಾಗುವ ಮುಂಚೆ ಅಣ್ಣನ ಮಗ ಬೈಕಿನಲ್ಲಿ ಹುಡುಕಿಕೊಂಡು ಬಂದು, "ಇಲ್ಲೇನ್ ಮಾಡ್ತಿದೀಯ ಅತ್ತೆ, ಇಲ್ಲೇನೂ ಇಲ್ವಲ್ಲ" ಎಂದ.

ಹೌದಪ್ಪ ಎಂದೆ.